ಒಂದು ಚದರ, ಮೂರು ಶಿಫ್ಟು

ನರಸಾಪುರದಲ್ಲಿ ಬಾಡಿಗೆ ರೂಮು ನೋಡಲು ಬಂದವನು ‘ಎಷ್ಟಡಿ ಇದೆ ಆಂಟಿ?’ ಎಂದು ಕೇಳಿದರೆ ಊರಿಗೆ ಹೊಸಬ ಎಂದು ಲೆಕ್ಕ. ಓನರಮ್ಮ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ. ‘ನಿಂದು ಯಾವ ಶಿಫ್ಟಪ್ಪಾ?’ ಎಂದು ತಿರುಗಿ ಕೇಳುತ್ತಾರೆ. ಹತ್ತಡಿಗೆ ಹತ್ತಡಿಯ ರೂಮಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬುದನ್ನು ಅಲ್ಲಿ ಟೇಪು ಹಿಡಿದು ಹೇಳುವುದಿಲ್ಲ, ಗಡಿಯಾರ ನೋಡಿ ಹೇಳುತ್ತಾರೆ.

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದರೆ ಕೋಲಾರಕ್ಕೆ ಸ್ವಲ್ಪ ಮುಂಚೆ ಸಿಗುವ ಊರು ಇದು. ಸುತ್ತಲಿನ ಹೊಲಗಳು ಕೈಗಾರಿಕಾ ಪ್ರದೇಶವಾದ ಮೇಲೆ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. ಆಮೇಲೆ ತೈವಾನಿನ ವಿಸ್ಟ್ರಾನ್ ಐಫೋನ್ ಜೋಡಿಸಲು ಬಂತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಪಾಲಾಯಿತು. ಗಡಿಯಾರ, ಕ್ಯಾಮೆರಾ, ರೇಡಿಯೊ, ಟಾರ್ಚು, ಕ್ಯಾಲೆಂಡರು, ಮದುವೆ ಆಲ್ಬಮ್ಮು ಎಲ್ಲವನ್ನೂ ಅಂಗೈಯಗಲಕ್ಕೆ ಇಳಿಸಿದ ವಸ್ತು ಐಫೋನು. ಇಡೀ ದಿನ ಅದನ್ನು ಜೋಡಿಸಿ ಬಂದ ಹುಡುಗರು ರೂಮಿನ ಬಾಗಿಲು ತೆಗೆದ ಕೂಡಲೇ ಅದೇ ವಿದ್ಯೆಯನ್ನು ಮುಂದುವರಿಸಬೇಕಾಗುತ್ತದೆ, ಈ ಸಲ ಓವರ್‌ಟೈಮ್ ಇಲ್ಲದೆ.

ನಮ್ಮ ಕಡೆ ಮನೆಯನ್ನು ಅಳೆಯುವುದು ಚದರದಲ್ಲಿ. ನೂರು ಚದರಡಿಗೆ ಒಂದು ಚದರ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಮನೆಗೆ ಸರ್ಕಾರ ಗೊತ್ತುಮಾಡಿರುವ ಕನಿಷ್ಠ ಅಳತೆ, ಅಡುಗೆಯ ಜಾಗವೂ ಸೇರಿ, 25 ಚದರ ಮೀಟರ್. ಅದು ಮೂರು ಚದರಕ್ಕೂ ಕಡಿಮೆಯೇ. ಆದರೆ ಒಂದೇ ಚದರದಲ್ಲಿ ಸಂಸಾರ ಹೂಡಿದ ನಾಲ್ವರು ಹುಡುಗರಿಗೆ ಅದೂ ಅರಮನೆಯ ಹಾಗೆ ಕಂಡೀತು.

ಆ ಒಂದು ಚದರದ ಒಳಗೆ ಇಣುಕಿದರೆ ನೆಲ ಕಾಣುವುದು ಕಡಿಮೆ, ಗೋಡೆ ಕಾಣುವುದು ಇನ್ನೂ ಕಡಿಮೆ. ಮೂಲೆಯಿಂದ ಮೂಲೆಗೆ ಎಳೆದ ನೈಲಾನ್ ಹಗ್ಗವೇ ಬೀರು. ಯೂನಿಫಾರಂ ಒಂದು ಕಡೆ, ಊರಿಗೆ ಹೋಗುವಾಗ ಹಾಕುವ ಪ್ಯಾಂಟು ಇನ್ನೊಂದು ಕಡೆ. ಒಂದರ ಮೇಲೊಂದು ಪೇರಿಸಿದ ಸೂಟ್‌ಕೇಸುಗಳ ಮೇಲೆ ಸಣ್ಣ ಗ್ಯಾಸ್ ಸ್ಟೌ. ಕೆಳಗಿನ ಸೂಟ್‌ಕೇಸಿನಿಂದ ಬನಿಯನ್ ಬೇಕಾದವನು ಅನ್ನ ಬೇಯುವವರೆಗೆ ಕಾಯಬೇಕು. ಬಕೆಟ್ಟಿನೊಳಗೆ ಬಕೆಟ್ಟು, ಅದರೊಳಗೆ ಮಗ್ಗು, ಮಗ್ಗಿನೊಳಗೆ ಸೋಪಿನ ಡಬ್ಬಿ. ಹಾಸಿಗೆ ಎರಡು, ದಿಂಬು ನಾಲ್ಕು. ನೈಟ್ ಶಿಫ್ಟಿನವನು ಬಂದು ಉರುಳುವ ಹೊತ್ತಿಗೆ ಬೆಳಗಿನ ಶಿಫ್ಟಿನವನು ಎದ್ದು ಹೋಗಿರುತ್ತಾನೆ. ಹಾಸಿಗೆಯ ಬಿಸಿ ಆರುವುದೇ ಇಲ್ಲ. ಒಂದೇ ಹಾಸಿಗೆಯ ಪಾಲುದಾರರು ದಿನಗಟ್ಟಲೆ ಪರಸ್ಪರ ಮುಖ ನೋಡದಿರುವುದೂ ಉಂಟು. ಅವರ ನಡುವಿನ ಮಾತುಕತೆಯೆಲ್ಲ ಮುಗಿಯುತ್ತ ಬಂದ ಟೂತ್‌ಪೇಸ್ಟಿನ ಮೂಲಕ.

ಇದನ್ನೆಲ್ಲ ಕಂಪನಿಗಳು ಕಲಿಸಿದವು ಎಂದುಕೊಂಡರೆ ಓನರಮ್ಮ ನಗುತ್ತಾರೆ. ಅವರು ಸೊಸೆಯಾಗಿ ಬಂದ ಕಾಲದಲ್ಲಿ ಮನೆಯ ನಿಜವಾದ ಯಜಮಾನರು ರೇಷ್ಮೆಹುಳುಗಳು.

ಕೋಲಾರ ಜಿಲ್ಲೆಯ ರೇಷ್ಮೆ ಬೆಳೆಗಾರರಲ್ಲಿ ಹುಳುವಿಗೆಂದೇ ಬೇರೆ ಮನೆ ಕಟ್ಟುವುದು ಬಳಕೆಗೆ ಬಂದದ್ದು ಈಚೆಗೆ. ಮುಂಚೆ ಅವು ಮನೆಯವರ ಜೊತೆಗೇ ಇದ್ದವು, ಅಥವಾ ಮನೆಯವರು ಅವುಗಳ ಜೊತೆಗಿದ್ದರು. ನೂರು ಮೊಟ್ಟೆ ಎಂದರೆ ಕೇಳುವವರಿಗೆ ಸಣ್ಣ ಲೆಕ್ಕ. ಬೆಳೆಗಾರರ ಲೆಕ್ಕದಲ್ಲಿ ಒಂದು ‘ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ರಾಶಿ. ನೂರು ಮೊಟ್ಟೆಗೆ ನಲವತ್ತು ಸಾವಿರಕ್ಕೂ ಹೆಚ್ಚು ಹುಳು. ಇನ್ನೂ ಎಳೆಯ ಚಾಕಿ ಹುಳುವಾಗಿದ್ದಾಗ ಅಷ್ಟೂ ಒಂದು ಮೂಲೆಯ ತಟ್ಟೆಯಲ್ಲಿ ಗುಬ್ಬಚ್ಚಿಯಂತೆ ಕೂತಿರುತ್ತವೆ. ಸಣ್ಣಗೆ ಹೆಚ್ಚಿದ ಎಲೆ ಉದುರಿಸಿದರೆ ಆಯಿತು. ಒಂದನೇ ಜ್ವರ, ಎರಡನೇ ಜ್ವರ ಎಂದು ಪೊರೆ ಬಿಡುತ್ತ ಹೋದ ಹಾಗೆ ಒಂದು ತಟ್ಟೆಯದು ಎರಡಾಗಿ, ನಾಲ್ಕಾಗಿ, ನಡುಮನೆಯ ಸ್ಟ್ಯಾಂಡು ತುಂಬುತ್ತದೆ. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಒಂದು ಹುಳುವಿನ ತೂಕ ಸುಮಾರು ಹತ್ತು ಸಾವಿರ ಪಟ್ಟಾಗುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಂತೂ ಕೇಳುವುದೇ ಬೇಡ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಆ ಕೊನೆಯ ವಾರದಲ್ಲೇ ಮುಗಿಸುತ್ತವೆ.

ಆ ಹೊತ್ತಿಗೆ ಮನುಷ್ಯರು ಜಗಲಿಗೆ ಬಂದಿರುತ್ತಿದ್ದರು. ಮುದುಕರಿಗೆ ಜಗಲಿ, ಮಕ್ಕಳಿಗೆ ಸೊಪ್ಪಿನ ಮೂಟೆಗಳ ಪಕ್ಕ, ಹೊಸದಾಗಿ ಮದುವೆಯಾದವರಿಗೆ ದೇವರೇ ದಿಕ್ಕು. ಹುಳುವಿಗೆ ಘಾಟು ಆಗದು ಎಂದು ಒಗ್ಗರಣೆ ಹಿತ್ತಲಿಗೆ, ಊದುಬತ್ತಿ ರಜೆಗೆ, ತಾತನ ಬೀಡಿ ಬೀದಿಯ ಆಚೆಗೆ. ಕಾಯಿಲೆ ತಂದಾರೆಂಬ ಭಯದಿಂದ ನೆಂಟರಿಗೂ ಪ್ರವೇಶವಿರಲಿಲ್ಲ. ‘ಹುಳು ಮನೇಲಿದೆ, ಬೆಳೆ ಆದ್ಮೇಲೆ ಬನ್ನಿ’ ಎಂದರೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಇಕ್ಕಟ್ಟಾದ ಮನೆಗೆ ಇದಕ್ಕಿಂತ ಮರ್ಯಾದಸ್ಥ ಉಪಾಯವನ್ನು ಒಳಾಂಗಣ ವಿನ್ಯಾಸಕರು ಇನ್ನೂ ಕಂಡುಹಿಡಿದಿಲ್ಲ.

ಹುಳು ಹಣ್ಣಾದಾಗ ಚಂದ್ರಿಕೆಗಳು ಬರುತ್ತವೆ. ಆರಡಿಗೆ ನಾಲ್ಕಡಿಯ ಬಿದಿರ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ನಿಲ್ಲಿಸಿದ ಬಿದಿರಪಟ್ಟಿ. ಒಂದೊಂದರಲ್ಲಿ ಸಾವಿರದಷ್ಟು ಹುಳು ತಂತಮ್ಮ ಜಾಗ ಹಿಡಿದು ಗೂಡು ಕಟ್ಟುತ್ತವೆ. ಸ್ವಂತದ್ದಿಲ್ಲದವರಿಗೆ ಚಂದ್ರಿಕೆ ದಿನಬಾಡಿಗೆಗೂ ಸಿಗುತ್ತದೆ. ಗೋಡೆಗೆ ಒರಗಿಸಿದರೆ ಮುಗಿಯಿತು, ನೆಲ ಖಾಲಿ. ಜಪಾನಿನ ಒಸಾಕಾದಲ್ಲಿ 1979ರಲ್ಲಿ ಮೈಯಷ್ಟೇ ಹಿಡಿಸುವ ಗೂಡುಗಳನ್ನು ಜೋಡಿಸಿ ಕ್ಯಾಪ್ಸೂಲ್ ಹೋಟೆಲು ತೆರೆದಾಗ ಜಗತ್ತು ಮೂಗಿನ ಮೇಲೆ ಬೆರಳಿಟ್ಟಿತಂತೆ. ಕೋಲಾರದ ಕಡೆಯವರನ್ನು ಕರೆದು ತೋರಿಸಿದ್ದರೆ, ‘ದಿನಬಾಡಿಗೆ ಎಷ್ಟು?’ ಎಂದಷ್ಟೇ ಕೇಳುತ್ತಿದ್ದರು.

ಹುಳು ಇಲ್ಲದ ದಿನಗಳಲ್ಲೂ ಹಳೆಯ ಮನೆ ಜಾಗವನ್ನು ಪೋಲು ಮಾಡುತ್ತಿರಲಿಲ್ಲ. ತಲೆಯ ಮೇಲೆ ಅಟ್ಟ, ಗೋಡೆಗೆ ನಾಗಂದಿಗೆ, ಗೋಡೆಯ ದಪ್ಪದೊಳಗೆ ದೀಪದ ಗೂಡು, ಜಂತೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಬೆಣ್ಣೆಯ ಗಡಿಗೆ. ಅದೂ ಸಾಲದೆಂದು ನೆಲದಡಿಗೂ ಇಳಿದು ಹಗೇವು ತೋಡಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರು. ವರ್ಷಗಳ ನಂತರ ತೆಗೆದರೂ ರಾಗಿ ಕೆಡುತ್ತಿರಲಿಲ್ಲ. ಈಗಿನ ಆರ್‌ಸಿಸಿ ಮನೆಗೆ ಉಳಿದಿರುವುದು ಸಜ್ಜಾ ಒಂದೇ. ಅದರ ಮೇಲೆ ಏರಿದ ವಸ್ತು ಮತ್ತೆ ಇಳಿಯುವುದು ಮನೆ ಖಾಲಿ ಮಾಡುವಾಗಲೇ.

ಇದ್ದ ಜಾಗವನ್ನು ನುಂಗುವ ಇನ್ನೊಂದು ವಸ್ತು ನೀರು. ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತ್ರಿ ಇಲ್ಲದ ಜಿಲ್ಲೆಯಲ್ಲಿ ಡ್ರಮ್ಮು ಮನೆಯ ಸದಸ್ಯನೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆದರೆ ಅದು ಅಂತರ್ಜಲ ಏರಲೆಂದು ಬಿಟ್ಟ ನೀರು, ನಲ್ಲಿಗೆ ಬರುವುದಲ್ಲ. ಹಾಗಾಗಿ ಕೆರೆ ತುಂಬಿದರೂ ಡ್ರಮ್ಮು ಜಾಗ ಬಿಟ್ಟಿಲ್ಲ. ಮುಚ್ಚಳದ ಮೇಲೆ ಮಿಕ್ಸಿ, ಮಿಕ್ಸಿಯ ಪಕ್ಕ ಮಕ್ಕಳ ಪುಸ್ತಕ. ನೀರು ಬಂದ ದಿನ ಎರಡೂ ಕೆಳಗಿಳಿಯಬೇಕು.

ರೂಮಿನ ಶಿಫ್ಟು ವ್ಯವಸ್ಥೆಗೆ ಇರುವ ಒಂದೇ ಶತ್ರು ಭಾನುವಾರ. ಎಲ್ಲ ಶಿಫ್ಟಿನವರೂ ಒಮ್ಮೆಗೇ ಮನೆಯಲ್ಲಿ ಸೇರಿದರೆ ಲೆಕ್ಕ ತಪ್ಪುತ್ತದೆ. ಕೋಲಾರದ ಅಂತರಗಂಗೆ ಬೆಟ್ಟದ ಗುಡಿಯ ಮೆಟ್ಟಿಲಲ್ಲಿ ರಜೆಯ ದಿನ ಕಾಣುವ ಹುಡುಗರ ಗುಂಪಿನಲ್ಲಿ ಭಕ್ತಿಯಿಂದ ಬಂದವರೆಷ್ಟು, ಮಲಗಲು ಜಾಗವಿಲ್ಲದೆ ಬಂದವರೆಷ್ಟು ಎಂದು ಕಾಶಿ ವಿಶ್ವೇಶ್ವರನೇ ಹೇಳಬೇಕು.

ಅಂಥ ಒಂದು ಭಾನುವಾರ ರಾಯಚೂರು ಕಡೆಯ ಹುಡುಗನ ತಾಯಿ ರೊಟ್ಟಿ ಗಂಟಿನೊಂದಿಗೆ ಬಂದಿಳಿದರು. ಬಾಗಿಲಲ್ಲೇ ನಿಂತು, ‘ಇದು ಪಡಸಾಲಿ ಆತು. ಮನಿ ಎಲ್ಲೈತೋ?’ ಎಂದರು. ಮಗ ಓನರಮ್ಮನ ಮುಖ ನೋಡಿದ. ಓನರಮ್ಮ ಕರೆದುಕೊಂಡು ಹೋಗಿ ತಮ್ಮ ಹಾಲಿನಲ್ಲೇ ಚಾಪೆ ಹಾಸಿದರು. ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ನಿಲ್ಲಿಸಿದರೂ ಪೆಟ್ರೋಲು ನಿಲ್ಲುವುದಿಲ್ಲ. ಆದ್ದರಿಂದ ರಾತ್ರಿ ಒಂಬತ್ತಾದರೆ ಊರಿನಲ್ಲೇ ತಯಾರಾಗುವ ಕಂಪನಿಯ ಸ್ಕೂಟರು ಹೊಸಿಲು ದಾಟಿ ಆ ಹಾಲಿಗೇ ಬರುತ್ತದೆ. ಹೊಸಿಲಿಗೆ ಒರಗಿಸಿದ ಹಲಗೆ ಅದಕ್ಕೆಂದೇ ಇರುವುದು.

ಬೆಳಗ್ಗೆ ಕಾಫಿ ಕುಡಿಯುತ್ತ ಆಕೆ ಸ್ಕೂಟರಿನ ಕಡೆ ನೋಡಿ, ‘ನಮ್ಮೂರಾಗೂ ಎತ್ತು ಒಳಗ ಕಟ್ತೀವಿ ಬಿಡ್ರಿ. ರಾತ್ರಿ ಮೇವಿಗೆ ಏಳೋದಾರ ತಪ್ಪೈತಿ ನಿಮಗ’ ಎಂದರು.

‘ಏನ್ ತಪ್ಪುತ್ತಮ್ಮಾ, ಇದು ಬಂಕಿಗೇ ಕರ್ಕೊಂಡು ಹೋಗು ಅನ್ನುತ್ತೆ’ ಎಂದು ಓನರಮ್ಮ ಹ್ಯಾಂಡಲ್ಲಿಗೆ ಸಿಕ್ಕಿಸಿದ್ದ ಸೊಪ್ಪಿನ ಚೀಲ ಬಿಚ್ಚಿ ಬಿಡಿಸಲು ಕೂತರು.