ವಿಳಂಬ ವಿಪ್ರಲಂಭ: ಒಂದು ಅಂತರಿಕ್ಷ ರಸಮೀಮಾಂಸೆ

ವಿಷಯ ಪ್ರವೇಶ

ನಮ್ಮ ಲಾಕ್ಷಣಿಕರು ಶೃಂಗಾರವನ್ನು ಸಂಭೋಗ, ವಿಪ್ರಲಂಭ ಎಂದು ಎರಡಾಗಿ ಸೀಳಿದರು. ಅಗಲಿಕೆಗೆ ಪೂರ್ವರಾಗ, ಮಾನ, ಪ್ರವಾಸ, ಶಾಪ ಎಂದು ಕಾರಣಗಳನ್ನೂ ಎಣಿಸಿಟ್ಟು ನಿಶ್ಚಿಂತರಾದರು. ಈ ಎಣಿಕೆಯಲ್ಲಿ ಒಂದು ಭಾರೀ ಲೋಪ ಉಳಿದುಬಿಟ್ಟಿದೆ. ಕಂಪ್ಯೂಟರ್ ಆಟವೊಂದರ ಮುಂದಿನ ಭಾಗ ಹೇಳಿದ ದಿನಕ್ಕೆ ಬಾರದೆ ಹೋದಾಗ ಹುಟ್ಟುವ ವಿರಹವನ್ನು ಯಾವ ಆಲಂಕಾರಿಕನೂ ಗಮನಿಸಿಲ್ಲ. ಭರತಮುನಿಯ ಕಾಲದಲ್ಲಿ ಡೌನ್‌ಲೋಡ್ ಸೌಲಭ್ಯ ಇರಲಿಲ್ಲವಾದ್ದರಿಂದ ಆತನನ್ನು ಕ್ಷಮಿಸಬಹುದು. ಕಾವ್ಯಮೀಮಾಂಸೆಯ ಪತ್ರಿಕೆಗೆ ವರ್ಷವರ್ಷವೂ ಅದೇ ಐದು ಪ್ರಶ್ನೆ ತೆಗೆಯುವ ಪ್ರಾಧ್ಯಾಪಕರಿಗೆ ಆ ರಿಯಾಯಿತಿ ಇಲ್ಲ. ಈ ಕಿರುಪ್ರಬಂಧ ಆ ಕೊರತೆಯನ್ನು ತುಂಬಲು ಹೊರಟಿದೆ. ಇದಕ್ಕೆ ಆರಿಸಿಕೊಂಡ ಲಕ್ಷ್ಯ, ಕೇಂಬ್ರಿಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಸಂಸ್ಥೆಯ ‘ಎಲೀಟ್ ಡೇಂಜರಸ್’ ಆಟ ಮತ್ತು ‘ಒಡಿಸ್ಸಿ’ ಎಂಬ ಅದರ ವಿಸ್ತರಣೆ.

ಪೂರ್ವಕಥೆ

1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಈ ಸರಣಿಯ ಮೊದಲ ಆಟಕ್ಕಾಗಿ 32 ಕಿಲೋಬೈಟ್ ಮೆಮೊರಿಯ ಬಿಬಿಸಿ ಮೈಕ್ರೋ ಯಂತ್ರದೊಳಕ್ಕೆ ಎಂಟು ಗ್ಯಾಲಕ್ಸಿಗಳನ್ನೂ ಒಂದೊಂದರಲ್ಲಿ 256 ಗ್ರಹಗಳನ್ನೂ ತುರುಕಿದರು. ಗ್ರಹಗಳ ಮೇಲೆ ಇಳಿಯುವಂತಿರಲಿಲ್ಲ. ಗಿರಕಿ ಹೊಡೆಯುವ ನಿಲ್ದಾಣದ ಬಾಯಿಗೆ ನೌಕೆಯನ್ನು ತೂರಿಸುವುದರಲ್ಲೇ ಆ ಪೀಳಿಗೆಯ ಯೌವನ ಕಳೆಯಿತು. 1993ರ ಎರಡನೆಯ ಆಟ ಒಂದೇ ಫ್ಲಾಪಿಯಲ್ಲಿ ಬಂತು, ಅದರಲ್ಲಿ ಗ್ರಹಗಳ ಮೇಲೆ ಸಲೀಸಾಗಿ ಇಳಿಯಬಹುದಿತ್ತು. ಈ ಸಂಗತಿ ಮುಂದಿನ ಕಥೆಗೆ ತೊಡಕಾಗುವುದರಿಂದ ಸಂಸ್ಥೆಯ ಪಕ್ಷದ ಇತಿಹಾಸಕಾರರು ಇದನ್ನು ಮೆಲ್ಲಗೆ ದಾಟಿ ಹೋಗುತ್ತಾರೆ.

2012ರ ಕೊನೆಗೆ ಬ್ರೇಬೆನ್ ಎಲೀಟ್ ಡೇಂಜರಸ್‌ಗಾಗಿ ಕಿಕ್‌ಸ್ಟಾರ್ಟರ್‌ನಲ್ಲಿ ಜೋಳಿಗೆ ಹಿಡಿದರು. ಬೇಡಿದ್ದು ಹನ್ನೆರಡೂವರೆ ಲಕ್ಷ ಪೌಂಡ್, ಬಿದ್ದದ್ದು ಹದಿನೈದು ಲಕ್ಷಕ್ಕೂ ಮಿಗಿಲು. 2014ರ ಡಿಸೆಂಬರ್ 16ರಂದು ಕ್ಷೀರಪಥವೇ ಆಟಗಾರರ ಕೈಗೆ ಬಂತು. ನಲವತ್ತು ಸಾವಿರ ಕೋಟಿ ನಕ್ಷತ್ರವ್ಯೂಹಗಳು ಇದ್ದವು, ಇಳಿಯಲು ಒಂದು ಗ್ರಹವೂ ಇರಲಿಲ್ಲ. ಮರುವರ್ಷ ‘ಹೊರೈಜನ್ಸ್’ ಬಂದು ಗಾಳಿಯಿಲ್ಲದ ಗ್ರಹಗಳ ಮೇಲೆ ಇಳಿಸಿತಾದರೂ ಅಲ್ಲಿ ಆರು ಚಕ್ರದ ಗಾಡಿಯಲ್ಲಿ ಕೂತೇ ತಿರುಗಬೇಕಿತ್ತು. ಇಳಿದೂ ಕಾಲೂರಲಾರದ ಈ ಸ್ಥಿತಿಗೆ ಶಾಸ್ತ್ರದಲ್ಲಿ ಹೆಸರಿಲ್ಲ.

ಕಾಲು ಕೊಡುವವಳು, ತೆಳುಗಾಳಿಯ ಗ್ರಹಗಳ ಮೇಲೂ ಇಳಿಸುವವಳು ಒಡಿಸ್ಸಿ. ಆಕೆಯ ಆಗಮನ ಮೊದಲು 2020ರ ಡಿಸೆಂಬರಿಗೆ ಗೊತ್ತಾಗಿತ್ತು. ಅದು 2021ರ ಆರಂಭಕ್ಕೆ ಸರಿಯಿತು. ಆ ಜನವರಿಯಲ್ಲಿ ಕೋವಿಡ್ ಕಾರಣವಾಗಿ ಪಿಸಿಯವರಿಗೆ ‘ವಸಂತದ ಕೊನೆ’, ಕನ್ಸೋಲ್‌ನವರಿಗೆ ‘ಶರತ್ಕಾಲ’ ಎಂದು ಅಪ್ಪಣೆಯಾಯಿತು.

ರಸಸಾಮಗ್ರಿ

ನಾಯಕ: ಕಮಾಂಡರ್ ಎಂಬ ಬಿರುದಿನ ಆಟಗಾರ. ನಾಯಿಕೆ: ಒಡಿಸ್ಸಿ. ದೂತಿ: ಸಂಸ್ಥೆಯ ಕಮ್ಯುನಿಟಿ ಮ್ಯಾನೇಜರ್; ನಾಯಿಕೆ ಬರುವಳೆಂದು ಹೇಳುವುದು, ಯಾವಾಗ ಎಂದು ಕೇಳಿದರೆ ಮುಗುಳ್ನಗುವುದು ಈ ಪಾತ್ರದ ಲಕ್ಷಣ. ಉದ್ದೀಪನ ವಿಭಾವ: ಟ್ರೇಲರ್. ಅನುಭಾವ: ಕ್ಯಾಪ್ಸ್‌ಲಾಕ್. ಸ್ಥಾಯಿಭಾವ ರತಿಯೋ ಕ್ರೋಧವೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಎರಡನ್ನೂ ಒಂದೇ ಸಂಜೆ, ಒಂದೇ ಮನುಷ್ಯನಲ್ಲಿ ಕಂಡವರಿದ್ದಾರೆ.

ದಶಾವಸ್ಥಾ ನಿರೂಪಣೆ

ವಿರಹಿಯ ಹತ್ತು ಅವಸ್ಥೆಗಳು ಇಲ್ಲಿ ಕ್ರಮ ತಪ್ಪದೆ ಕಾಣಸಿಗುತ್ತವೆ. ಅಭಿಲಾಷೆ ಟ್ರೇಲರಿನ ಮೊದಲ ನೋಟದಲ್ಲಿ ಹುಟ್ಟುತ್ತದೆ. ಚಿಂತೆ ತನ್ನ ಗ್ರಾಫಿಕ್ಸ್ ಕಾರ್ಡ್ ಈ ಸೌಂದರ್ಯವನ್ನು ತಾಳೀತೇ ಎಂಬ ರೂಪದ್ದು. ಸ್ಮೃತಿಯಲ್ಲಿ ಹಿರಿಯ ನಾಯಕರು 1993ರ ಆ ಒಂದು ಫ್ಲಾಪಿಯನ್ನು ನೆನೆದು ನಿಟ್ಟುಸಿರಿಡುತ್ತಾರೆ, ಕಿರಿಯರು ಫ್ಲಾಪಿ ಎಂದರೇನೆಂದು ಕೇಳಿ ಅವರ ನೋವನ್ನು ಇಮ್ಮಡಿಸುತ್ತಾರೆ. ಗುಣಕಥನದಲ್ಲಿ ನಾಯಕನು ಇನ್ನೂ ಕಾಣದ ನಾಯಿಕೆಯ ಮೇಲೆ ಕಾಡು, ಕಡಲು, ಮೃಗಸಂಕುಲ ಮುಂತಾದ, ಸಂಸ್ಥೆ ಎಂದೂ ಒಪ್ಪಿಕೊಳ್ಳದ ಸಕಲ ಗುಣಗಳನ್ನೂ ಆರೋಪಿಸುತ್ತಾನೆ.

ತಾರೀಖು ಮುಂದೆ ಹೋದೊಡನೆ ಉದ್ವೇಗ. ಅದರ ಬೆನ್ನಿಗೇ ಪ್ರಲಾಪ. ತಾನು 1984ರಿಂದ ಆಡುತ್ತಿರುವವನು ಎಂದು ಮೊದಲ ವಾಕ್ಯದಲ್ಲೇ ತಿಳಿಸುವ ದೀರ್ಘ ಪತ್ರ ಇದರ ಮುಖ್ಯ ಲಕ್ಷಣ. ಉನ್ಮಾದಾವಸ್ಥೆಯಲ್ಲಿ ಟ್ರೇಲರನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ, ಮಸುಕಿನಲ್ಲೊಂದು ಬಾಗಿಲನ್ನು ಕಂಡು, ನೌಕೆಯ ಒಳಗೂ ಓಡಾಡಬಹುದೆಂದು ಸಾಬೀತುಪಡಿಸಲಾಗುತ್ತದೆ. ನಾಯಿಕೆ ಬಂದ ಮೇಲೆ ತಿಳಿದದ್ದೇನೆಂದರೆ, ಕುರ್ಚಿಯಿಂದ ಎದ್ದರೆ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಕಣ್ಣು ಬಿಟ್ಟರೆ ನಾಯಕ ಹೊರಗೆ ನೆಲದ ಮೇಲೆ ನಿಂತಿರುತ್ತಾನೆ. ನಡುವಿನ ಮೆಟ್ಟಿಲುಗಳು ಮಾಯಾವಾದಕ್ಕೆ ಸಂದಿವೆ.

ವ್ಯಾಧಿಯಲ್ಲಿ ನಾಯಕನು ‘ಸ್ಟಾರ್ ಸಿಟಿಜನ್’ ಎಂಬ ಪರಕೀಯೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. 2012ರಲ್ಲೇ ಹಣ ಎತ್ತಿ 2014ಕ್ಕೆ ಬರುತ್ತೇನೆಂದಿದ್ದ ಆಕೆ ಈ ವಿರಹದ ಕಾಲಕ್ಕೂ ಪೂರ್ತಿಯಾಗಿ ಬಂದಿರಲಿಲ್ಲ. ಒಬ್ಬಳಿಗೆ ಕಾಯುವ ನೋವನ್ನು ಇನ್ನೊಬ್ಬಳಿಗೆ ಕಾಯುತ್ತ ಮರೆಯುವ ಈ ಚಿಕಿತ್ಸೆಯನ್ನು ಆಯುರ್ವೇದವೂ ಅರಿಯದಿರಬೇಕು. ಜಡತೆಯಲ್ಲಿ ನೌಕೆಯನ್ನು ನಿಲ್ದಾಣಕ್ಕೆ ಕಟ್ಟಿ ಗೋಡೆ ನೋಡುತ್ತಾನೆ. ಹತ್ತನೆಯದಾದ ಮರಣವನ್ನು ರಂಗದ ಮೇಲೆ ತೋರಿಸಬಾರದೆಂದು ಶಾಸ್ತ್ರ ವಿಧಿಸಿದೆ. ಆದ್ದರಿಂದ ನಾಯಕನು ಆಟವನ್ನು ಅನ್‌ಇನ್‌ಸ್ಟಾಲ್ ಮಾಡುತ್ತಾನೆ. ಪುನರ್ಜೀವನದ ಆಶೆಯಿದ್ದರೆ ಮರಣದ ಸೂಚನೆಗೆ ಅನುಮತಿಯುಂಟು. ಸಂಜೆಯ ಹೊತ್ತಿಗೆ ಮರಳಿ ಇನ್‌ಸ್ಟಾಲ್ ಆಗಿರುತ್ತದೆ.

ಕಾಲನಿರ್ಣಯ

‘ವಸಂತದ ಕೊನೆ’ ಎಂಬ ವಾಗ್ದಾನ ಭಂಗವಾಯಿತೇ? ಒಡಿಸ್ಸಿ ಪಿಸಿಗೆ ಇಳಿದದ್ದು 2021ರ ಮೇ 19ರಂದು. ನಮ್ಮ ಪಂಚಾಂಗದಲ್ಲಿ ಅದು ಪ್ಲವ ನಾಮ ಸಂವತ್ಸರ, ವೈಶಾಖ ಶುಕ್ಲಪಕ್ಷ. ಚೈತ್ರ ವೈಶಾಖಗಳು ವಸಂತ ಋತುವಾದ್ದರಿಂದ, ಇಂಗ್ಲೆಂಡಿನ ಸಂಸ್ಥೆಯೊಂದು ಒಂಟಿಕೊಪ್ಪಲ್ ಪಂಚಾಂಗಕ್ಕೂ ಒಪ್ಪುವ ಮುಹೂರ್ತದಲ್ಲಿ ಮಾತು ಉಳಿಸಿಕೊಂಡಿದೆ ಎಂದು ನಿರ್ಣಯಿಸುತ್ತೇವೆ. ಅದೇ ಸಂಸ್ಥೆಯ ಆರ್ಥಿಕ ವರ್ಷ ಮೇ 31ಕ್ಕೆ ಮುಗಿಯುತ್ತದೆ. ಎರಡಕ್ಕೂ ಸಂಬಂಧವಿದೆ ಎನ್ನಲು ನಮ್ಮಲ್ಲಿ ಆಧಾರವಿಲ್ಲ, ಇಲ್ಲ ಎನ್ನಲು ಧೈರ್ಯವಿಲ್ಲ.

ಪೂರ್ವಪಕ್ಷ

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಕಾಯಲು ಬಾರದವರು ಈ ಆಟವನ್ನೇ ಆಡಲಾರರು. ಆಲ್ಫಾ ಸೆಂಟಾರಿ ವ್ಯೂಹದಲ್ಲಿ ಹಟನ್ ಆರ್ಬಿಟಲ್ ಎಂಬ ನಿಲ್ದಾಣವಿದೆ. ವ್ಯೂಹವನ್ನು ಹೊಕ್ಕ ಜಾಗದಿಂದ ಅದಕ್ಕೆ 0.22 ಜ್ಯೋತಿರ್ವರ್ಷ. ಆ ದಿನಗಳಲ್ಲಿ ಗಂಟೆಗೂ ಮೀರಿ ಮೂಗಿನ ನೇರಕ್ಕೆ ಹಾರುತ್ತಲೇ ಇರಬೇಕಿತ್ತು. ಅಲ್ಲಿಗೆ ಹೋದರೆ ಅನಕೊಂಡ ಎಂಬ ದೊಡ್ಡ ನೌಕೆ ಪುಕ್ಕಟೆ ಸಿಗುತ್ತದೆಂದು ಹಳಬರು ಹೊಸಬರನ್ನು ಕಳಿಸುತ್ತಿದ್ದರು. ನೌಕೆ ಸಿಗುತ್ತಿರಲಿಲ್ಲ, ಒಂದು ಮಗ್ ಕೊಳ್ಳಬಹುದಿತ್ತು. ಹೋದವರು ಸಿಟ್ಟಾಗುತ್ತಿರಲಿಲ್ಲ; ತಾವೂ ಹಳಬರಾಗಿ ಮುಂದಿನವರನ್ನು ಕಳಿಸುತ್ತಿದ್ದರು. 2019ರ ಜನವರಿಯಲ್ಲಂತೂ ಹದಿಮೂರು ಸಾವಿರಕ್ಕೂ ಹೆಚ್ಚು ಕಮಾಂಡರುಗಳು ದಂಡು ಕಟ್ಟಿ, ಸೂರ್ಯನಿಂದ 65,000 ಜ್ಯೋತಿರ್ವರ್ಷ ಆಚೆಯ ಬೀಗಲ್ ಪಾಯಿಂಟ್‌ಗೆ ಹೊರಟರು. ಅಲ್ಲಿ ಅಂಗಡಿಯಿಲ್ಲ, ಮಗ್ಗೂ ಇಲ್ಲ. ತಲುಪಿದ್ದು ಜೂನ್ ಹೊತ್ತಿಗೆ, ಅಂದರೆ ಐದು ತಿಂಗಳು.

ಡಿಸೆಂಬರಿನಿಂದ ಮೇವರೆಗೂ ಐದೇ ತಿಂಗಳು. ಶೂನ್ಯದ ಅಂಚಿನ ನಕ್ಷತ್ರಕ್ಕಾಗಿ ಐದು ತಿಂಗಳು ಹಾಡುತ್ತ ಸವೆಸಿದ ಜನವೇ ಒಡಿಸ್ಸಿಗಾಗಿ ಐದು ತಿಂಗಳು ತಾಳದೆ ಎದೆ ಬಡಿದುಕೊಂಡದ್ದೇಕೆ? ಇದಕ್ಕೆ ‘ಪಂಚಮಾಸ ವಿರೋಧಾಭಾಸ’ ಎಂದು ನಾಮಕರಣ ಮಾಡಿದ್ದೇವೆ.

ಸಿದ್ಧಾಂತ

ಪರಿಹಾರ ಆಟದ ಪರದೆಯ ಮೇಲೆಯೇ ಇದೆ. ನೌಕೆ ಹಾರುವಾಗ ಕಣ್ಣೆದುರಿಗೆ ಎರಡು ಅಂಕಿಗಳು ಉರಿಯುತ್ತಿರುತ್ತವೆ: ಉಳಿದ ದೂರ, ಉಳಿದ ಹೊತ್ತು. ವೇಗದ ಹಿಡಿಯೂ ಆಟಗಾರನ ಕೈಯಲ್ಲೇ. ಸಾಕೆನಿಸಿದರೆ ತಿರುಗಿಸಬಹುದು, ಬೇಕೆನಿಸಿದರೆ ಒತ್ತಬಹುದು. ಸಂಸ್ಥೆಯ ಪ್ರಕಟಣೆಯಲ್ಲಿ ಅಂಕಿಯ ಜಾಗಕ್ಕೆ ಋತುವಿನ ಹೆಸರಿತ್ತು, ಹಿಡಿ ಬೇರೆ ಯಾರದೋ ಕೈಯಲ್ಲಿತ್ತು. ಬೋರ್ಡಿಲ್ಲದ ಬಸ್‌ಸ್ಟಾಪಿನಲ್ಲಿ ನಿಂತವನು ಹತ್ತು ನಿಮಿಷಕ್ಕೇ ಸರ್ಕಾರವನ್ನು ಬೈಯುವುದು ಇದೇ ನ್ಯಾಯದಿಂದ. ಮನುಷ್ಯ ಬೈಯುವುದು ದೂರವನ್ನಲ್ಲ, ಕಾಲವನ್ನೂ ಅಲ್ಲ. ತನ್ನ ಕಾಲವನ್ನು ತಾನೇ ಎಣಿಸಲು ಬಿಡದವರನ್ನು.

ರಸಭಂಗ

ಆಟದ ಇನ್ನೊಂದು ನಿಯಮವೂ ಇಲ್ಲಿ ಪ್ರಸ್ತುತ. ಗುರಿಗೆ ಏಳು ಸೆಕೆಂಡ್ ಉಳಿದಾಗ ವೇಗವನ್ನು ಮುಕ್ಕಾಲಿಗೆ ಇಳಿಸಬೇಕು. ಅವಸರಪಟ್ಟವನು ಗುರಿಯನ್ನು ದಾಟಿ ಮುಂದೆ ಹೋಗಿ, ದೊಡ್ಡ ಸುತ್ತು ಹಾಕಿ ತಲೆ ತಗ್ಗಿಸಿಕೊಂಡು ಬರಬೇಕು. ಆಟಗಾರರು ಇದನ್ನು ‘ಲೂಪ್ ಆಫ್ ಶೇಮ್’ ಎನ್ನುತ್ತಾರೆ. ಶಾಸ್ತ್ರಗೌರವಕ್ಕಾಗಿ ನಾವು ಲಜ್ಜಾಪ್ರದಕ್ಷಿಣೆ ಎನ್ನೋಣ. ಮಾರ್ಚ್ 29ಕ್ಕೆ ಆಲ್ಫಾ ಪರೀಕ್ಷೆ ಶುರು ಮಾಡಿ ಮೇ 19ಕ್ಕೆ ಬಾಗಿಲು ತೆರೆದ ಸಂಸ್ಥೆ ಆ ಏಳು ಸೆಕೆಂಡನ್ನು ಗಮನಿಸಲಿಲ್ಲ. ದೋಷಗಳು ಸಾಲುಗಟ್ಟಿದವು, ಬಲಶಾಲಿ ಯಂತ್ರಗಳೂ ತೆವಳಿದವು, ಸ್ಟೀಮ್‌ನಲ್ಲಿ ನಿಂದಾಸ್ತುತಿ ತುಂಬಿತು, ಬ್ರೇಬೆನ್ ಕ್ಷಮೆ ಕೇಳಿದರು. ಮುಂದಿನ ತಿಂಗಳುಗಳೆಲ್ಲ ತೇಪೆಯ ಮೇಲೆ ತೇಪೆ. ಬೇಗ ಬಾ ಎಂದು ಕೂಗಿದ್ದವರೇ ಇಷ್ಟು ಬೇಗ ಯಾಕೆ ಬಂದೆ ಎಂದು ಕೂಗಿದರು. ನಾಯಕನ ಈ ಮಾತಿನಲ್ಲಿ ಅಸಂಗತಿ ದೋಷವಿಲ್ಲ. ತಡವಾಗಿಯೂ ಬೇಗ ಬರುವ ಸಾಮರ್ಥ್ಯ ಸಾಫ್ಟ್‌ವೇರಿಗೆ ಮಾತ್ರ ಇರುವಂಥದ್ದು.

ಫಲಶ್ರುತಿ

ಈ ಮೀಮಾಂಸೆಯನ್ನು ಶುಚಿಯಾಗಿ ಕುಳಿತು ತ್ರಿಕಾಲವೂ ಪಠಿಸುವ ಪಿಸಿ ಆಟಗಾರರಿಗೆ ಫ್ರೇಮ್‌ರೇಟ್ ವೃದ್ಧಿಯೂ, ಸರ್ವರ್ ಕಡಿತದಿಂದ ಮುಕ್ತಿಯೂ, ಅಂತ್ಯದಲ್ಲಿ ದಟ್ಟಗಾಳಿಯ ಗ್ರಹವೊಂದರ ಮೇಲೆ ಸ್ವಂತ ಕಾಲೂ ಪ್ರಾಪ್ತವಾಗುವವು. ಕನ್ಸೋಲ್ ಆಟಗಾರರು ಪಠಿಸುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಅವರ ಶರತ್ಕಾಲವನ್ನು ಸಂಸ್ಥೆ 2022ರ ಮಾರ್ಚ್‌ನಲ್ಲಿ ಪಂಚಾಂಗದಿಂದಲೇ ತೆಗೆದುಹಾಕಿತು.