62.3ರಲ್ಲಿ ನಿಂತ ಸಂಸಾರ

ಮೈಸೂರಿನ ಯಜಮಾನರೊಬ್ಬರಿಗೆ ತಿಂಗಳ ಎರಡನೇ ಮಂಗಳವಾರವೆಂದರೆ ಆಗಿಬರುವುದಿಲ್ಲ. ಹೆಸರು ಬೇಡ, ಮನೆಯವರು ಓದಿಯಾರು. ಇದು ರಾಹುಕಾಲದ ತಂಟೆಯಲ್ಲ. ವಿಂಡೋಸ್‌ನ ತೇಪೆಗಳೆಲ್ಲ ಮೂಟೆಯಾಗಿ ಹೊರಬೀಳುವುದು 2003ರ ಅಕ್ಟೋಬರಿನಿಂದ ಅದೇ ದಿನ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಹೊಡೆದಾಗ ಇಲ್ಲಿ ರಾತ್ರಿ ಹತ್ತೂವರೆ, ಅವರಿಗೆ ಚಳಿಗಾಲವಾದರೆ ಹನ್ನೊಂದೂವರೆ. ಹಾಗಾಗಿ ಗ್ರಹಚಾರ ನಿಜವಾಗಿ ವಕ್ಕರಿಸುವುದು ಬುಧವಾರ, ಕಾಫಿಯ ಹೊತ್ತಿಗೆ.

ಈ ಸಲ ಡೌನ್‌ಲೋಡ್ ನಡೆಯುವಾಗಲೇ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಎಂದು ಪ್ರಾಣ ಬಿಟ್ಟಿತು. ಆಮೇಲಿಂದ ಅಪ್‌ಡೇಟ್ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ಕಾಂಪೌಂಡಿನಾಚೆಯಿಂದಲೇ ರೋಗ ಪತ್ತೆಮಾಡಿದ: "ಫಾರ್ಮ್ಯಾಟ್ ಹೊಡೆದ್ಬಿಡಿ ಅಂಕಲ್!" ಈ ಪೀಳಿಗೆಗೆ ಗೊತ್ತಿರುವುದು ಅದೊಂದೇ ಮದ್ದು. ನೆಗಡಿಯಾದರೂ ಫಾರ್ಮ್ಯಾಟ್, ಮೂಗು ಕೊಯ್ದರೂ ಫಾರ್ಮ್ಯಾಟ್. ಯಜಮಾನರು ಅವನನ್ನು ಕಣ್ಣಲ್ಲೇ ಸುಟ್ಟು, ವಿಂಡೋಸ್‌ನಲ್ಲೇ ಇರುವ ಟ್ರಬಲ್‌ಶೂಟರನ್ನು ಒತ್ತಿದರು. ಅದು ಮನೆಯೆಲ್ಲ ತಡಕಾಡಿದಂತೆ ಮಾಡಿ, ತನಗೇನೂ ಕಾಣಲಿಲ್ಲವೆಂದು ಕೈತೊಳೆದುಕೊಂಡಿತು.

ಉಳಿದದ್ದು ಕಪ್ಪು ಕಿಟಕಿ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದಾಗ ಯಜಮಾನರ ಬೆನ್ನು ತಾನಾಗಿ ನೆಟ್ಟಗಾಯಿತು. ನಿವೃತ್ತಿಯ ನಂತರ ಯಾವುದಕ್ಕಾದರೂ ಅಧಿಕಾರಿಯಾದದ್ದು ಇದೇ ಮೊದಲು. ವಿಂಡೋಸ್‌ನ ಕೆಟ್ಟ ಕಡತಗಳನ್ನು ರಿಪೇರಿ ಮಾಡುವ ಡಿಸ್ಮ್ ಆಜ್ಞೆಯನ್ನು ಓರೆಗೀಟುಗಳ ಸಮೇತ ಅಕ್ಷರಕ್ಷರ ಕುಟ್ಟಿ ಎಂಟರ್ ಒತ್ತಿದರು. ಶೇಕಡಾ 20, 40, 60 ಎಂದು ಗೀಟು ಬೆಳೆಯಿತು. 62.3ಕ್ಕೆ ನಿಂತಿತು.

ನಿಂತಿತು ಎಂದರೆ ನಿಂತೇಬಿಟ್ಟಿತು. ಡಿಸ್ಮ್ ಇದೇ ಅಂಕಿಯ ಮೇಲೆ ಕೂತುಬಿಡುವುದು ಲೋಕಪ್ರಸಿದ್ಧ, ಆದರೆ ಯಜಮಾನರಿಗೆ ಇದು ತಮ್ಮೊಬ್ಬರ ಕರ್ಮವೆಂದೇ ಅನಿಸಿತು. ಮೊದಲು ಕನ್ನಡಕ ಒರೆಸಿ ನೋಡಿದರು, 62.3. ತಾವು ನೋಡುತ್ತಿರುವುದಕ್ಕೇ ಅದಕ್ಕೆ ಸಂಕೋಚವಿರಬಹುದೆಂದು ಕಿಟಕಿಯಾಚೆಯ ಸಂಪಿಗೆ ಮರವನ್ನು ದಿಟ್ಟಿಸಿ, ಓರೆಗಣ್ಣಿನಲ್ಲಿ ಪರದೆ ನೋಡಿದರು, 62.3. ಮೌಸ್ ಮುಟ್ಟಿದರೆ ಎಲ್ಲಿ ಕೆಟ್ಟೀತೋ ಎಂದು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡರು. ಬಗ್ಗಿ ಸಿಪಿಯುಗೆ ಕಿವಿಯಿಟ್ಟರು. ಒಳಗೆ ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿತ್ತು, ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಜೀವವಿದೆ! ಅಡುಗೆಮನೆಯಿಂದ ಕೂಗು ಬಂತು: "ರೀ, ಊಟಕ್ಕೆ ಏಳ್ತೀರೋ, ಇಲ್ಲ ಅದಕ್ಕೂ ಅಪ್‌ಡೇಟ್ ಆಗ್ಬೇಕೋ?" ಯಜಮಾನರು ತುಟಿಯ ಮೇಲೆ ಬೆರಳಿಟ್ಟು ಶ್ ಎಂದರು. ಯಾರಿಗೆ ಎಚ್ಚರವಾದೀತೆಂದೋ!

ಅಸಲಿಗೆ ಆ ಶೇಕಡಾ ಗಡಿಯಾರವೇ ಅಲ್ಲ. ಅದು ಲೆಕ್ಕವಿಡುವುದು ಕೆಲಸವನ್ನು, ಹೊತ್ತನ್ನಲ್ಲ. ಒಂದು ಮೆಟ್ಟಿಲಿಗೆ ಕ್ಷಣ ಸಾಕು, ಮುಂದಿನದಕ್ಕೆ ಅರ್ಧ ಗಂಟೆಯೂ ಬೇಕಾದೀತು. ವಿನ್‌ಎಸ್‌ಎಕ್ಸ್‌ಎಸ್ ಎಂಬ ಉಗ್ರಾಣದಲ್ಲಿರುವ ಮೂಲ ಕಡತಗಳನ್ನು ಡಿಸ್ಮ್ ಒಂದೊಂದಾಗಿ ತಾಳೆ ನೋಡುತ್ತದೆ. ಕೆಟ್ಟದ್ದು ಸಿಕ್ಕರೆ ಬದಲಿ ಬೇಕಲ್ಲ? ಅದನ್ನು ಬೇರೆಡೆಯಿಂದ ತರಲು ನಾವು ಹೇಳದಿದ್ದರೆ ಅದು ಕೈಚಾಚುವುದು ವಿಂಡೋಸ್ ಅಪ್‌ಡೇಟ್‌ಗೇ! ಬಾವಿಗೆ ಬಿದ್ದ ಹಗ್ಗ ಎತ್ತಲು ಅದೇ ಹಗ್ಗ ತಾ ಎಂದಂತೆ.

ಮಜ್ಜಿಗೆ ಅನ್ನ ಉಂಡು ಬರುವಷ್ಟರಲ್ಲಿ ಅದು ಯಾರಿಗೂ ಹೇಳದೆ 100 ಮುಟ್ಟಿತ್ತು. ಆಮೇಲಿನದು ಸಲೀಸು. ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿ ಸಿಸ್ಟಂ ಕಡತಗಳನ್ನು ಇನ್ನೊಮ್ಮೆ ಪರೀಕ್ಷಿಸಿದರು. ಅಪ್‌ಡೇಟ್ ಸರ್ವೀಸನ್ನೂ ಡೌನ್‌ಲೋಡ್ ನೋಡಿಕೊಳ್ಳುವ ಬಿಟ್ಸ್ ಸರ್ವೀಸನ್ನೂ ನಿಲ್ಲಿಸಿ, ಅರೆಬರೆ ಡೌನ್‌ಲೋಡ್ ಕೂತಿದ್ದ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಬಾಲಕ್ಕೆ 'ಓಲ್ಡ್' ಎಂದು ಸೇರಿಸಿ, ಎರಡನ್ನೂ ಮತ್ತೆ ಎಬ್ಬಿಸಿದರು. ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಂಡು ಮೊದಲಿಂದ ಇಳಿಸಿಕೊಂಡಿತು.

ಇಷ್ಟೆಲ್ಲ ಯಾಕೆ, ಅಪ್‌ಡೇಟೇ ಬೇಡವೆಂದು ಆಫ್ ಮಾಡಿ ಕೂರುವ ಜಾಣರಿದ್ದಾರೆ. ಅಂಥವರಿಗೊಂದು ಕಥೆಯಿದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನ್ನಾಕ್ರೈ ಎಂಬ ಹುಳು ಒಳನುಗ್ಗಿದ ಕಿಂಡಿಗೆ ತೇಪೆ 2017ರ ಮಾರ್ಚ್ 14ರಂದೇ ಬಂದಿತ್ತು. ಹುಳು ಬಂದದ್ದು ಮೇ 12ಕ್ಕೆ. ನಡುವೆ ಸುಮಾರು ಎರಡು ತಿಂಗಳು. ತೇಪೆ ಹಾಕಿಕೊಳ್ಳದ ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರ್‌ಗಳು ಬೀಗ ಹಾಕಿಕೊಂಡವು, ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟುಗಳು ರದ್ದಾದವು, ಕೆಲವೆಡೆ ಆಂಬುಲೆನ್ಸ್‌ಗಳನ್ನೇ ಬೇರೆ ಆಸ್ಪತ್ರೆಗೆ ತಿರುಗಿಸಬೇಕಾಯಿತು. ಯಜಮಾನರು ಬೈದುಕೊಂಡೇ ಆದರೂ 'ರೀಸ್ಟಾರ್ಟ್' ಒತ್ತುವುದು ಇದನ್ನು ಓದಿದ ಮೇಲಿನಿಂದ.

ಈಗ ಪರದೆಯ ಮೇಲೆ ಹಸಿರು ಟಿಕ್ ಬಂದಿದೆ. ಅದರ ಕೆಳಗೆ ಇನ್ನೊಂದು ಸಾಲು: ಈ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಲ್ಲ. ಅದಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರ ಹೊಟ್ಟೆಯಲ್ಲಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲವೋ 2025ರ ಅಕ್ಟೋಬರ್ 14ಕ್ಕೇ ಮುಗಿದು, ಈಗ ಬರುತ್ತಿರುವುದು ಬೇರೆಯಾಗಿ ಹೆಸರು ನೋಂದಾಯಿಸಿಕೊಂಡವರಿಗೆ ಸಿಗುವ ತೇಪೆ. ಸುದ್ದಿ ಪಕ್ಕದ ಮನೆಗೆ ಹೇಗೆ ಮುಟ್ಟಿತೋ, ಹುಡುಗ ಪೆನ್‌ಡ್ರೈವ್ ಹಿಡಿದು ಗೇಟಿನಲ್ಲಿ ನಿಂತಿದ್ದಾನೆ. "ಲಿನಕ್ಸ್ ಹಾಕ್ಕೊಡ್ತೀನಿ ಅಂಕಲ್, ಅರ್ಧ ಗಂಟೆ ಸಾಕು."

ಫಾರ್ಮ್ಯಾಟ್ ಹೊಡೆಯಬೇಕಾಗುತ್ತದೆಯೇ ಎಂದು ಯಜಮಾನರು ಕೇಳಿದ್ದಾರೆ. ಹುಡುಗ ಹಲ್ಲುಕಿರಿಯುತ್ತಿದ್ದಾನೆ.