ಮೊಂಡುದೋಷ ಪ್ರಕರಣ

ಯಾರೂ ಏನೂ ಮುಟ್ಟಿಲ್ಲವೆಂದು ಆಫೀಸಿನ ಎಲ್ಲರೂ ಆಣೆ ಮಾಡುತ್ತಿರುವಾಗ ಡೇಟಾಬೇಸ್ ಸರ್ವರಿನಲ್ಲಿ ತೋರುವ ದೋಷಕ್ಕೆ ಮೊಂಡುದೋಷವೆಂದು ಹೆಸರು. ಅದು ತ್ರಿವಿಧ: ಪುಚ್ಛಾಂಕಿತ, ಆಜ್ಞಾಕಲಹಜ, ಗುಪ್ತಪಾಲಕಜ. ರೀಸ್ಟಾರ್ಟ್ ಮಾಡಿದರೆ ಹೋಗುವಂಥದ್ದು ಈ ಪ್ರಕರಣಕ್ಕೆ ಸೇರದು. ರೀಸ್ಟಾರ್ಟ್ ಚಿಕಿತ್ಸೆಯಲ್ಲ, ಶಾಂತಿಕರ್ಮ.

ಪುಚ್ಛಾಂಕಿತಕ್ಕೆ ನಿದರ್ಶನ ಮೈಎಸ್‌ಕ್ಯೂಎಲ್‌ನ 2002. ಎಲ್ಲರೂ ಈ ತಲೆಯಂಕಿಯನ್ನೇ ಓದಿ ಗಾಬರಿಯಾಗುತ್ತಾರೆ. ಕುಲ ತಿಳಿಯುವುದು ಸಾಲಿನ ಬಾಲದಲ್ಲಿ, ಕಂಸದೊಳಗಿನ ಅಂಕಿಯಿಂದ. ಲಿನಕ್ಸ್‌ನಲ್ಲಿ 2 ಎಂದರೆ ಸಾಕೆಟ್ ಫೈಲೇ ಇಲ್ಲ. 13 ಎಂದರೆ ಪರ್ಮಿಷನ್ ಇಲ್ಲ. 111 ಎಂದರೆ ಬಾಗಿಲಿದೆ, ತಟ್ಟಿದರೆ ಓಗೊಡುವವರಿಲ್ಲ. ಲೋಕಲ್‌ಹೋಸ್ಟ್ ಬೇರೆಯಲ್ಲ, 127.0.0.1 ಬೇರೆಯಲ್ಲ ಎನ್ನುವ ಅದ್ವೈತಿಗಳು ಇಲ್ಲಿಯೇ ಎಡವುವುದು. ಮೈಎಸ್‌ಕ್ಯೂಎಲ್ ಉಡುಪಿಯ ಕಡೆಯದು, ಕಟ್ಟಾ ದ್ವೈತಿ: ಮೊದಲನೆಯದನ್ನು ಕೇಳಿದರೆ ಸಾಕೆಟ್ ಫೈಲಿಗೆ ಹೋಗುತ್ತದೆ, ಎರಡನೆಯದಕ್ಕೆ 3306ನೇ ಪೋರ್ಟಿಗೆ.

ಆಜ್ಞಾಕಲಹಜವು ಒಂದೇ ಮಾತನ್ನು ಎರಡು ಕಡೆ ಬರೆದಿಡುವುದರಿಂದ ಹುಟ್ಟುತ್ತದೆ. ಮೈ.ಸಿಎನ್‌ಎಫ್ ಫೈಲು ಇಟಿಸಿಯಲ್ಲೊಂದು, ಅದರೊಳಗಿನ ಮೈಎಸ್‌ಕ್ಯೂಎಲ್ ಫೋಲ್ಡರಿನಲ್ಲಿ ಮತ್ತೊಂದು ಇರಬಹುದು. ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಪಾಣಿನಿಯೂ ಸೂತ್ರಗಳು ಜಗಳಕ್ಕೆ ಬಿದ್ದರೆ ನಂತರದ್ದನ್ನೇ ಗೆಲ್ಲಿಸಿದ್ದ. ಆದರೆ ಪೋಸ್ಟ್‌ಗ್ರೆಸ್‌ನ ಪಿಜಿ_ಎಚ್‌ಬಿಎ ಫೈಲಿನಲ್ಲಿ ನ್ಯಾಯ ತಿರುಗುಮುರುಗು. ಅಲ್ಲಿ ಹೊಂದಿದ ಮೊದಲ ಸಾಲೇ ಅಂತಿಮ. ಸರ್ಕಾರಿ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿದವನದೇ ಸೀಟು. ಹತಾಶರಾಗಿ ಫೈಲಿಗೆ 777 ಕೊಡುವ ಒಂದು ಪಂಥವೂ ಉಂಟು. ಊರವರೆಲ್ಲ ಬರೆಯಬಹುದಾದ ಮೈ.ಸಿಎನ್‌ಎಫ್ ಅನ್ನು ಮೈಎಸ್‌ಕ್ಯೂಎಲ್ ಒಂದು ಸಾಲು ಗೊಣಗಿ ಓದದೆಯೇ ಬಿಡುತ್ತದೆ.

ಮೂರನೆಯದು ಈ ಗ್ರಂಥಕಾರನ ಸ್ವಾನುಭವ. ಡಿಸ್ಕ್ ತುಂಬಿತೆಂದು ಡೇಟಾ ಫೋಲ್ಡರನ್ನು ಹೊಸ ಡಿಸ್ಕಿಗೆ ಸಾಗಿಸಿದೆ. ಒಡೆತನ ಸರಿ, ಪರ್ಮಿಷನ್ ಸರಿ, ದಾರಿಯೂ ಸರಿ. ಆದರೂ ಲಾಗಿನಲ್ಲಿ ಅದೇ 13. ಮೂರು ಸಲ ಚೌನ್ ಕೊಟ್ಟೆ, ಎರಡು ಸಲ ಚಹಾ ಕುಡಿದೆ. ಉಬುಂಟುವಿನಲ್ಲಿ ಆಪ್‌ಆರ್ಮರ್ ಎಂಬ ಕಾವಲುಗಾರನಿದ್ದಾನೆ. ಕೆಲವು ಪ್ರೋಗ್ರಾಮ್‌ಗಳು ಯಾವ ಯಾವ ಫೋಲ್ಡರಿಗೆ ಕಾಲಿಡಬಹುದೆಂಬ ಪಟ್ಟಿ ಅವನಲ್ಲಿದೆ, ಫೈಲಿನ ಪರ್ಮಿಷನ್ ಎಷ್ಟೇ ಉದಾರವಾಗಿರಲಿ ಆ ಪ್ರೋಗ್ರಾಮ್‌ಗಳನ್ನು ಪಟ್ಟಿಯಲ್ಲಿಲ್ಲದ ಫೋಲ್ಡರಿಗೆ ಬಿಡುವುದಿಲ್ಲ. ಹೊಸ ಫೋಲ್ಡರ್ ಪಟ್ಟಿಯಲ್ಲಿರಲಿಲ್ಲ. ಎರಡು ಸಾಲು ಸೇರಿಸಿ ರೀಲೋಡ್ ಮಾಡಿದೆ, ಸರ್ವರ್ ಎದ್ದಿತು.

'ಡಿನೈಡ್' ಎಂಬ ಸಾಲು ಕರ್ನಲ್ ಲಾಗಿನಲ್ಲಿ ಸಂಜೆ 7.10ಕ್ಕೇ ಬಿದ್ದಿತ್ತು. ನಾನು ಅದನ್ನು ತೆರೆದು ನೋಡಿದ್ದು ರಾತ್ರಿ ಒಂದೂವರೆಗೆ.